ಬಾಯಲ್ಲಿರೋ ಮಾತು ಹಾಳೆಗಿಳಿಯಲಿ: ಮಕ್ಕಳಿಗೆ ವರ್ಣನೆ ಬರೆಯಲು ಕಲಿಸುವ ಆಟಗಳು

ಕೊಪ್ಪಳ ತಾಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ಒಂದು ವರ್ಷ ಜನವರಿಯಲ್ಲಿ, ಗವಿಮಠದ ಜಾತ್ರೆ ಮುಗಿದ ವಾರ, ಎಂಟನೇ ತರಗತಿಗೆ ‘ನಾನು ಕಂಡ ಜಾತ್ರೆ’ ಅಂತ ಪ್ರಬಂಧ ಕೊಟ್ಟೆ. 38 ನೋಟ್‌ಬುಕ್ ಬಂದವು. ಅರ್ಧಕ್ಕಿಂತ ಜಾಸ್ತಿ ಪುಸ್ತಕಗಳಲ್ಲಿ ಮೊದಲ ಸಾಲು ಒಂದೇ: ‘ಭಾರತವು ಹಬ್ಬ ಹರಿದಿನಗಳ ನಾಡು.’ ನಡುವೆ ‘ತುಂಬಾ ಜನ ಸೇರಿದ್ದರು, ನೋಡಲು ಸುಂದರವಾಗಿತ್ತು.’ ಕೊನೆಗೆ ಗೈಡಿನ ಉಪಸಂಹಾರ.

ಅದೇ ದಿನ ಬಿಸಿಯೂಟದ ಹೊತ್ತಿಗೆ ನಲ್ಲಿ ಹತ್ತಿರ ಒಬ್ಬಳು ಹುಡುಗಿ ಗೆಳತಿಗೆ ಹೇಳುತ್ತಿದ್ದಳು: “ತೇರು ಹೊಂಟಿತಲ್ಲ, ಎಲ್ಲಾರೂ ಉತ್ತತ್ತಿ ಎಸಿಯಾಕ ಹತ್ತಿದ್ರು. ಒಂದು ನನ್ನ ನೆತ್ತಿಗೆ ಟಪ್ ಅಂತ ಬಡೀತು. ಅಜ್ಜಿ ನನ್ನ ಕೈ ಗಟ್ಟಿ ಹಿಡಿದಿದ್ಲು. ಇಬ್ಬರ ಕೈನೂ ಬೆವತು ಜಾರಾಕ ಹತ್ತಿತ್ತು.”

ನಾನು ಅವಳ ಪುಸ್ತಕ ಮತ್ತೆ ತೆಗೆದು ನೋಡಿದೆ. ಅದರಲ್ಲಿ ಉತ್ತತ್ತಿ ಇಲ್ಲ, ಅಜ್ಜಿಯ ಕೈಯೂ ಇಲ್ಲ. ಯಾಕವ್ವಾ ಬರೀಲಿಲ್ಲ ಅಂತ ಕೇಳಿದರೆ, “ಅದನ್ನೆಲ್ಲಾ ಬರೀಬಹುದೇನ್ರಿ ಸರ?” ಅಂದಳು.

ಆ ಪ್ರಶ್ನೆಯಿಂದಲೇ ನನ್ನ ಪಾಠದ ದಾರಿ ಬದಲಾಯಿತು. ವರ್ಣನೆ ಮಾಡುವುದು ನಮ್ಮ ಮಕ್ಕಳಿಗೆ ಗೊತ್ತಿದೆ. ಅದನ್ನು ಬರೆಯಬಹುದು ಅನ್ನೋದು ಮಾತ್ರ ಗೊತ್ತಿಲ್ಲ. ಆ ಒಪ್ಪಿಗೆ ಅವರಿಗೆ ಸಿಗುವ ಹಾಗೆ ಮಾಡುವ ಕೆಲವು ಆಟಗಳನ್ನು ಇಲ್ಲಿ ಹೇಳಿದ್ದೇನೆ. ಐದನೇ ತರಗತಿಯಿಂದ ಒಂಬತ್ತರವರೆಗೆ ಇವು ಸರಿಹೋಗುತ್ತವೆ. ಮನೆಯಲ್ಲಿ ಒಬ್ಬಿಬ್ಬರು ಮಕ್ಕಳಿರುವ ತಂದೆತಾಯಿಯೂ ಮಾಡಿಸಬಹುದು.

ಮೊದಲು ಮಾಡಿಕೊಳ್ಳಬೇಕಾದ ತಯಾರಿ

ಬೇಕಾಗೋದು ಸ್ವಲ್ಪವೇ. ಒಳಗಿರೋದು ಕಾಣದಂಥ ಒಂದು ದಪ್ಪ ಬಟ್ಟೆ ಚೀಲ, ಪ್ರತಿ ಮಗುವಿಗೆ ಒಂದು ರಫ್ ಪುಸ್ತಕ, ವಾರಕ್ಕೆ ಎರಡು ಅವಧಿ. ಅವಧಿ ಸಿಗದಿದ್ದರೆ ಶನಿವಾರ ಬೆಳಗ್ಗೆ ಒಂದು ಸಾಕು. ಮಕ್ಕಳು ಬ್ಯಾಗಿಲ್ಲದೆ ಬರುವ ‘ಸಂಭ್ರಮ ಶನಿವಾರ’ ಇದ್ದ ದಿನವಂತೂ ಇದಕ್ಕೆ ಹೇಳಿ ಮಾಡಿಸಿದ ಹಾಗೆ.

ರಫ್ ಪುಸ್ತಕಕ್ಕೆ ಕೆಂಪು ಪೆನ್ನು ತಾಕಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ‘ಹಕ್ಕಿ’ಯನ್ನು ‘ಅಕ್ಕಿ’ ಅಂತ ಬರೆದರೂ, ಮಹಾಪ್ರಾಣ ಬಿಟ್ಟುಹೋದರೂ ಈ ಪುಸ್ತಕದಲ್ಲಿ ತಿದ್ದಬೇಡಿ. ತಪ್ಪಾದೀತು ಅಂತ ಹೆದರಿದ ಮಗು ತನಗೆ ಸರಿಯಾಗಿ ಬರೆಯಲು ಬರುವ ಹತ್ತು ಪದಗಳಲ್ಲೇ ಸುತ್ತುತ್ತದೆ. ಆ ಹತ್ತು ಪದಗಳಲ್ಲಿ ‘ಸುಂದರ’ ಇದ್ದೇ ಇರುತ್ತದೆ!

ಇಲ್ಲಿ ಮನೆಮಾತಿನಲ್ಲೇ ಬರೆಯಲು ಬಿಡಿ. ‘ಐತಿ’, ‘ಹೊಂಟಿತು’, ‘ಕುಂತಿದ್ಲು’ ಎಲ್ಲಾ ಇರಲಿ. ಗ್ರಂಥದ ಭಾಷೆಗೆ ತರೋದು ಆಮೇಲಿನ ಕೆಲಸ.

ಕೊನೆಯದಾಗಿ ಕಪ್ಪುಹಲಗೆಯ ಒಂದು ಮೂಲೆಯಲ್ಲಿ ಚೌಕ ಎಳೆದು ‘ಸೆರೆಮನೆ’ ಅಂತ ಬರೆಯಿರಿ. ಸುಂದರ, ಚೆನ್ನಾಗಿ, ತುಂಬಾ, ಅದ್ಭುತ, ಮನೋಹರ, ರಮಣೀಯ ಇವನ್ನೆಲ್ಲ ಅದರೊಳಗೆ ಹಾಕಿ. ಈ ಪದಗಳನ್ನು ಬಳಸಬೇಕಾದರೆ ಮಗು ಜಾಮೀನು ಕೊಡಬೇಕು. ಅಂದರೆ ಏನು ನೋಡಿ ಸುಂದರ ಅನ್ನಿಸಿತು ಅಂತ ಎರಡು ಗುರುತು ಹೇಳಬೇಕು. ಬಹಳ ಸಲ ಗುರುತು ಹೇಳಿದ ಮೇಲೆ ‘ಸುಂದರ’ ಬೇಕಾಗೋದೇ ಇಲ್ಲ. ಅದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ವಾರ ಕಳೆದ ಹಾಗೆ ಸೆರೆಮನೆಗೆ ಹೊಸ ಪದಗಳನ್ನು ತಂದು ಹಾಕುವವರೂ ಅವರೇ.

ಒಂದನೇ ಆಟ: ಚೀಲದಲ್ಲಿ ಏನೈತಿ?

ಚೀಲದಲ್ಲಿ ಒಂದೇ ವಸ್ತು ಇಡಿ. ಹುಣಸೆ ಬೀಜ, ಒಡೆದ ಮಡಕೆ ಚೂರು, ಹಳೆ ಬೀಗ, ಹತ್ತಿ, ಜೋಳದ ತೆನೆ, ನದಿ ದಂಡೆಯ ನುಣುಪು ಕಲ್ಲು, ಯಾವುದಾದರೂ ಆಗುತ್ತದೆ. ಮೊನಚಾದದ್ದು ಮಾತ್ರ ಬೇಡ. ಒಬ್ಬ ಮಗು ಕಣ್ಣು ಮುಚ್ಚಿ ಕೈ ಹಾಕಿ ಎರಡು ನಿಮಿಷ ಮುಟ್ಟಿ ನೋಡಲಿ. ಹೆಸರು ಹೇಳುವ ಹಾಗಿಲ್ಲ. ಯಾತಕ್ಕೆ ಬಳಸುತ್ತಾರೆ ಅಂತಲೂ ಹೇಳುವ ಹಾಗಿಲ್ಲ. ಕೈಗೆ ಹೇಗನ್ನಿಸಿತು ಅನ್ನೋದನ್ನಷ್ಟೇ ಹೇಳಬೇಕು. ಉಳಿದವರು ಕೇಳಿದ್ದನ್ನು ಬರೆದುಕೊಂಡು ಊಹಿಸಬೇಕು.

ಎರಡನೇ ನಿಯಮ ಇಲ್ಲದಿದ್ದರೆ ಆಟ ಕೆಡುತ್ತದೆ. ‘ಇದನ್ನ ಬಾಗಿಲಿಗೆ ಹಾಕ್ತಾರ’ ಅಂದರೆ ಬೀಗ ಅಂತ ಎಲ್ಲರೂ ಕೂಗಿಬಿಡುತ್ತಾರೆ, ಅಷ್ಟಕ್ಕೇ ಮುಗೀತು. ಉಪಯೋಗ ಹೇಳೋದು ಬಿಟ್ಟಾಗ ಮಾತ್ರ ಮಗು ವಸ್ತುವನ್ನೇ ಗಮನಿಸುತ್ತದೆ.

ಒಮ್ಮೆ ಚೀಲದಲ್ಲಿ ಕಿನ್ನಾಳದ ಒಂದು ಸಣ್ಣ ಗೊಂಬೆ ಇಟ್ಟಿದ್ದೆ. ಏಳನೇ ತರಗತಿಯ ಹುಡುಗ ಕೈ ಹಾಕಿ ಸುಮ್ನೆ ನಿಂತ. ಆಮೇಲೆ ಹೇಳಿದ: “ಮುಟ್ಟಿದ್ರ ಕಲ್ಲಿನಂಗ ನುಣ್ಣಗ ಐತಿ. ಎತ್ತಿದ್ರ ಬೆಂಡಿನಂಗ ಹಗುರ ಐತಿ. ಎರಡೂ ಹೆಂಗ್ರಿ ಸರ?” ಅವನ ವರ್ಣನೆ ಆ ‘ಎರಡೂ ಹೆಂಗ್ರಿ’ಯಲ್ಲಿದೆ. ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ ಕೆತ್ತುತ್ತಾರೆ. ಅದರ ಮೇಲೆ ಮರದ ಪುಡಿ, ಹುಣಸೆ ಬೀಜದ ಅಂಟು ಸೇರಿಸಿದ ಕಿಟ್ಟ ಬಳಿದು ನಯ ಮಾಡುತ್ತಾರೆ. ಆಮೇಲೆ ಬಣ್ಣ. ಹುಡುಗನ ಕೈಗೆ ಹತ್ತಿದ ಆ ಎರಡು ವಿರುದ್ಧ ಗುಣಗಳ ಹಿಂದೆ ಇಷ್ಟು ಕೆಲಸ ಇದೆ. ಆ ದಿನದಿಂದ ನಮ್ಮ ತರಗತಿಯಲ್ಲಿ ಇದೊಂದು ಪ್ರಶ್ನೆಯೇ ಆಯಿತು: ಇದರಲ್ಲಿ ಒಂದಕ್ಕೊಂದು ಹೊಂದದ ಎರಡು ಗುಣ ಯಾವುವು? ತೆನೆ ಒರಟು, ಆದರೆ ಕಾಳು ನುಣುಪು. ಬೀಗ ಭಾರ, ಆದರೆ ಅಲ್ಲಾಡಿಸಿದರೆ ಒಳಗೆ ಏನೋ ಸಣ್ಣದು ಕಿಲಕಿಲ ಅನ್ನುತ್ತದೆ.

ಆಟ ಮುಗಿದ ಕೂಡಲೇ ಐದು ನಿಮಿಷ ಬರೆಸಿ. ಮರುದಿನಕ್ಕೆ ಬಿಡಬೇಡಿ, ಕೈಯ ನೆನಪು ಅಷ್ಟು ಹೊತ್ತು ಉಳಿಯಲ್ಲ.

ಎರಡನೇ ಆಟ: ಒಗಟು ಕಟ್ಟೋದು

ಉಪಮೆ, ರೂಪಕ ಅಂತ ವ್ಯಾಖ್ಯೆ ಬಾಯಿಪಾಠ ಮಾಡಿಸುವ ಮೊದಲು ಒಗಟಿನಿಂದ ಶುರು ಮಾಡಿ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಅಂದರೆ ಮಲ್ಲಿಗೆ ಅಂತ ಅಜ್ಜಿ ಹತ್ತಿರ ಕೇಳಿದ ಯಾವ ಮಗುವಾದರೂ ಹೇಳುತ್ತದೆ. ಗಿಡದ ಮೇಲೆ ಮೊಸರು ಯಾಕೆ ಚೆಲ್ಲುತ್ತದೆ ಅಂತ ಕೇಳಿ. ಬಿಳಿ ಬಣ್ಣ, ಅಲ್ಲಲ್ಲಿ ಬಿದ್ದ ಹಾಗೆ ಇರೋದು, ಎರಡೂ ಸಿಕ್ಕಿದವು ಅಲ್ವಾ? ರೂಪಕದ ಪಾಠ ಆಗಿಹೋಯಿತು.

ಈಗ ಅವರೇ ಕಟ್ಟಲಿ. ಮನೆಯಲ್ಲಿರುವ ಹಳೆ ಒಗಟು ಬೇಡ, ಹೊಸ ವಸ್ತುಗಳಿಗೇ ಆಗಬೇಕು: ಮೊಬೈಲ್ ಟವರ್, ಬೋರ್‌ವೆಲ್, ಕಂಡಕ್ಟರನ ಸೀಟಿ, ಮಿರ್ಚಿ ಭಜಿ. ಒಗಟಿನಲ್ಲಿ ಎರಡು ಮಾತು ನಿಜ ಇರಬೇಕು, ಒಂದು ಮಾತು ಆಗಲಾರದ್ದು ಅನ್ನಿಸಬೇಕು. ನಮ್ಮ ತರಗತಿಯಲ್ಲಿ ಒಬ್ಬಳು ಕಟ್ಟಿದ್ದು: ‘ಹಳದಿ ಅಂಗಿ ತೊಟ್ಟು ಎಣ್ಣ್ಯಾಗ ಈಜತೈತಿ, ಹೊರಗ ಬಂದ ಮ್ಯಾಲ ಈಜಿದವಗ ಅಲ್ಲ, ತಿಂದವಗ ಕಣ್ಣೀರು.’ ಮಿರ್ಚಿ ಅಂತ ಹೇಳಲು ಯಾರಿಗೂ ಎರಡು ಸೆಕೆಂಡ್ ಬೇಕಾಗಲಿಲ್ಲ. ಎಲ್ಲರ ಬಾಯಲ್ಲೂ ನೀರು ಬಂತು.

ಮೂರನೇ ಆಟ: ಸದ್ದು ಹಿಡಿಯೋದು

ನನಗೆ ಎಲ್ಲಕ್ಕಿಂತ ಇಷ್ಟವಾದ ಆಟ ಇದು. ಕನ್ನಡಕ್ಕೆ ಸದ್ದಿನ ಪದಗಳ ದೊಡ್ಡ ಭಂಡಾರವೇ ಇದೆ: ಜುಳುಜುಳು, ಧಗಧಗ, ಚಟಚಟ, ಗಿಜಿಗಿಜಿ, ಪಿಸಿಪಿಸಿ, ದಬದಬ. ವ್ಯಾಕರಣದಲ್ಲಿ ಇವಕ್ಕೆ ಅನುಕರಣಾವ್ಯಯ ಅಂತ ಹೆಸರು. ಪರೀಕ್ಷೆಗೆ ಎರಡು ಉದಾಹರಣೆ ಕಲಿತು ಬಿಟ್ಟುಬಿಡುತ್ತೇವೆ. ಆದರೆ ಮಕ್ಕಳ ಮಾತು ಕೇಳಿ ನೋಡಿ, ಇವಿಲ್ಲದೆ ಒಂದು ಜಗಳವನ್ನೂ ಅವರು ವಿವರಿಸಲ್ಲ.

ಮೊದಲ ಹಂತದಲ್ಲಿ ಎಲ್ಲರನ್ನೂ ಮೈದಾನದ ಬೇವಿನ ಮರದ ಕೆಳಗೆ ಕೂರಿಸಿ, ಐದು ನಿಮಿಷ ಮಾತಿಲ್ಲದೆ ಕೇಳಲು ಹೇಳಿ. ಕೇಳಿದ ಸದ್ದನ್ನು ಅಕ್ಷರದಲ್ಲಿ ಬರೆಯಬೇಕು. ಪದ ಇಲ್ಲದಿದ್ದರೆ ಅವರೇ ಮಾಡಲಿ. ಮೊದಲ ಎರಡು ನಿಮಿಷ ಟ್ರ್ಯಾಕ್ಟರ್, ಬಸ್ಸಿನ ಹಾರ್ನು ಹೀಗೆ ದೊಡ್ಡ ಸದ್ದುಗಳೇ ಬರುತ್ತವೆ. ಮೂರನೇ ನಿಮಿಷದ ಮೇಲೆ ಸಣ್ಣವು ಕೇಳಿಸುತ್ತವೆ. ಹಾಗಾಗಿ ಐದು ನಿಮಿಷಕ್ಕಿಂತ ಕಡಿಮೆ ಮಾಡಬೇಡಿ.

ಎರಡನೇ ಹಂತ ಮನೆಯಲ್ಲಿ. ಅವ್ವ ರೊಟ್ಟಿ ಮಾಡುವಾಗ ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿ, ಒಂದು ರೊಟ್ಟಿಯ ಪೂರ್ತಿ ಸದ್ದು ಬರೆದು ತರಬೇಕು. ಜೋಳದ ರೊಟ್ಟಿ ಬಡಿಯುವ ಸದ್ದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ದಿನಾ ಕೇಳಿ ಕೇಳಿ ಯಾರೂ ಕೇಳಿಸಿಕೊಂಡಿರಲ್ಲ. ಒಬ್ಬ ಹುಡುಗಿ ತಂದದ್ದು ಹೀಗಿತ್ತು:

‘ಮೊದಲು ದಪ್ ದಪ್. ತೆಳ್ಳಗಾದಂಗ ಪಟ್ ಪಟ್ ಪಟ್. ನಡುನಡುವ ಅವ್ವನ ಬಳೆ ಛಿಲ್. ಹಂಚಿಗೆ ಹಾಕಿದಾಗ ಸದ್ದಿಲ್ಲ. ಮ್ಯಾಲ ನೀರು ಸವರಿದ್ರ ಚುಂಯ್. ತಿರುವಿ ಹಾಕಿದ್ಲು. ಉಬ್ಬುವಾಗೂ ಸದ್ದಿಲ್ಲ. ಅವ್ವ ಉಫ್ ಅಂದ್ಲು. ಅದು ರೊಟ್ಟಿದಲ್ಲ, ಕೈ ಸುಟ್ಟಿದ್ದು.’

ಇದನ್ನು ತರಗತಿಯಲ್ಲಿ ಓದಿದಾಗ ಯಾರೂ ಗದ್ದಲ ಮಾಡಲಿಲ್ಲ. ‘ನನ್ನ ತಾಯಿ ಕಷ್ಟಪಟ್ಟು ಅಡುಗೆ ಮಾಡುತ್ತಾಳೆ’ ಅಂತ ಎಷ್ಟು ಪ್ರಬಂಧ ಓದಿದ್ದೇನೋ, ಅವುಗಳಲ್ಲಿ ಒಂದರಲ್ಲೂ ಆ ‘ಉಫ್’ ಇರಲಿಲ್ಲ. ಹೀಗೊಂದು ಬರಹ ಬಂದಾಗ ತಡಮಾಡದೆ ತೋರಿಸಿ: ‘ದಪ್’ ಯಾವಾಗ ‘ಪಟ್’ ಆಯಿತು? ಸದ್ದು ಬದಲಾದ ಕಡೆಯೇ ಹಿಟ್ಟಿನ ದಪ್ಪ ಕಡಿಮೆಯಾಗಿದೆ. ‘ಸದ್ದಿಲ್ಲ’ ಅಂತ ಬರೆದಿದ್ದೂ ಸದ್ದಿನ ವರ್ಣನೆಯೇ.

ಇದರ ಜೊತೆಗೇ ನಟ್ಟನಡುವೆ, ತುತ್ತತುದಿ, ಬಟ್ಟಬಯಲು, ಕಟ್ಟಕಡೆ ಇಂಥ ಪದಗಳನ್ನೂ ಕೊಡಿ. ‘ತುಂಬಾ’ ಸೆರೆಮನೆಯಲ್ಲಿ ಇರುವಾಗ ಆ ಕೆಲಸ ಮಾಡೋದು ಇವೇ.

ನಾಲ್ಕನೇ ಆಟ: ನಾನು ಅದಾದರೆ

ಮಗು ಒಂದು ವಸ್ತುವಾಗಿ ಮಾತಾಡಬೇಕು. ಈ ಆಟ ಪಠ್ಯಪುಸ್ತಕದಲ್ಲೂ ಬರುತ್ತದೆ, ‘ನಾನೊಂದು ಮರ’ ಅಂತ. ಅಲ್ಲಿ ಮರ ನೆರಳು ಕೊಡುತ್ತೇನೆ, ಹಣ್ಣು ಕೊಡುತ್ತೇನೆ, ನನ್ನನ್ನು ಕಡಿಯಬೇಡಿ ಅಂತ ಭಾಷಣ ಮಾಡುತ್ತದೆ. ಅದನ್ನು ತಪ್ಪಿಸಲು ಒಂದು ನಿಯಮ ಇಡಿ: ಆ ವಸ್ತು ಇರುವ ಜಾಗದಿಂದ ಅದಕ್ಕೆ ತಿಳಿಯುವಷ್ಟೇ ಬರೆಯಬೇಕು. ಬುದ್ಧಿ ಹೇಳುವ ಹಾಗಿಲ್ಲ.

ಗಂಗಾವತಿ ತಾಲೂಕಿನ ಹಿರೇಬೆಣಕಲ್ ಬೆಟ್ಟದ ಮೇಲೆ ಕಬ್ಬಿಣ ಯುಗದ ಕಲ್ಲುಮನೆಗಳು ಇವೆ. ಮೋರೇರ ಮನೆಗಳು ಅಂತ ಊರವರು ಕರೆಯುತ್ತಾರೆ. ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ್ದಾರೆ. ಕೆಲವಕ್ಕೆ ಗೋಡೆಯಲ್ಲಿ ದುಂಡನೆ ಕಿಂಡಿ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಲು ಆದರೆ ಹೋಗಿ, ಏರು ಇದೆ, ನೀರು ಜಾಸ್ತಿ ಒಯ್ಯಿರಿ. ಆಗದಿದ್ದರೆ ಫೋಟೋ ಸಾಕು. ‘ನೀನೇ ಆ ಚಪ್ಪಡಿ’ ಅಂದೆ. ಒಬ್ಬ ಬರೆದ: ‘ಬಿಸಿಲು ನನ್ನ ಹತ್ರ ದುಂಡಗಾಗಿ ಒಳಗ ಬರತೈತಿ.’ ಆ ಒಂದು ಸಾಲಿಗೆ ಅವನು ಕಿಂಡಿಯನ್ನು ಎಷ್ಟು ಹೊತ್ತು ನೋಡಿರಬೇಕು!

ನಮ್ಮ ಮುನಿರಾಬಾದ್ ಹತ್ತಿರದ ತುಂಗಭದ್ರಾ ಅಣೆಕಟ್ಟಿಗೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ವಾರ ಮಕ್ಕಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಮನೆಯಲ್ಲಿ ದೊಡ್ಡವರು ಎರಡನೇ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಅಂತ ಚಿಂತೆಯಲ್ಲಿದ್ದರು. 19ನೇ ಗೇಟಾಗಿ ಬರೆಯಿರಿ ಅಂದರೆ ಎಲ್ಲರೂ ಟಿವಿ ಸುದ್ದಿಯನ್ನೇ ಬರೆದರು. ಆಗ ‘ಪಕ್ಕದ 18ನೇ ಗೇಟಾಗಿ’ ಅಂದೆ. ಒಂದು ಪುಸ್ತಕದಲ್ಲಿ ಹೀಗೆ ಬಂತು: ‘ಎಪ್ಪತ್ತು ವರ್ಷ ಜೋಡಿ ನಿಂತಿದ್ವಿ. ರಾತ್ರಿ ಫಟ್ ಅಂತ ಸದ್ದಾತು. ತಿರುಗಿ ನೋಡಾಕ ನನಗ ಕುತ್ತಿಗಿ ಇಲ್ಲ.’

ದೊಡ್ಡ ಘಟನೆ ಕೊಡುವಾಗ ನಡುವಿನವರನ್ನು ಬಿಟ್ಟು ಪಕ್ಕದವರನ್ನು ಕೊಡಿ. ತೇರು ಬೇಡ, ತೇರಿನ ಗಾಲಿಗೆ ಹಾಕುವ ಮರದ ತುಂಡು ಆಗಲಿ. ಮದುಮಗಳು ಬೇಡ, ಚಪ್ಪಲಿ ಕಾಯುವ ಹುಡುಗ ಆಗಲಿ. ಸಿದ್ಧ ಸಾಲುಗಳು ಅಲ್ಲಿಗೆ ಬರಲ್ಲ.

ಐದನೇ ಆಟ: ಬಿಸಿಲಿನ ಸುಳ್ಳು

ಮಾರ್ಚ್ ಬಂದ ಮೇಲೆ ಇದನ್ನು ಆಡಿ. ‘ಬಿಸಿಲು ಎಷ್ಟಿತ್ತಂದ್ರ...’ ಅಂತ ಶುರು ಮಾಡಿ ಅತಿ ದೊಡ್ಡ ಸುಳ್ಳು ಹೇಳಿದವರು ಗೆದ್ದ ಹಾಗೆ. ‘ನನ್ನ ನೆರಳು ನನ್ನ ಬಿಟ್ಟು ಬೇವಿನ ಗಿಡದ ಬುಡಕ್ಕ ಹೋಗಿ ಕುಂತಿತ್ತು’ ಅನ್ನೋದು ನಮ್ಮಲ್ಲಿ ಗೆದ್ದ ಸುಳ್ಳು. ಆದರೆ ಬಹುಮಾನ ಬೇಕಾದರೆ ಒಂದು ಸುಳ್ಳಿಗೆ ಮೂರು ನಿಜ ಕಟ್ಟಬೇಕು. ಅವನೇ ಕಟ್ಟಿದ: ಸೈಕಲ್ ಸೀಟು ಸುಟ್ಟು ನಿಂತೇ ಪೆಡಲ್ ತುಳಿದದ್ದು, ನಾಯಿ ಗಟಾರದ ಹಸಿಯಲ್ಲಿ ಹೊಟ್ಟೆ ಊರಿ ಮಲಗಿದ್ದು, ಡಾಂಬರಿಗೆ ಚಪ್ಪಲಿ ಅಂಟಿ ಪಚ್ ಅಂದದ್ದು. ಸುಳ್ಳು ನಗಿಸುತ್ತದೆ, ಆ ಮೂರು ನಿಜಗಳಿಂದ ಸುಳ್ಳನ್ನೂ ನಂಬುವ ಹಾಗಾಗುತ್ತದೆ.

ಆಟದಿಂದ ಪ್ಯಾರಾಕ್ಕೆ

ಐದಾರು ವಾರ ಆದ ಮೇಲೆ ಪ್ಯಾರಾ ಬರೆಸಿ. ಹಲಗೆ ಮೇಲೆ ಒಂದು ಒಣ ಸಾಲು ಹಾಕಿ: ‘ಬಸ್ಸಿನಲ್ಲಿ ತುಂಬಾ ಜನ ಇದ್ದರು.’ ಈಗ ಮಕ್ಕಳನ್ನು ಕೇಳುತ್ತಾ ಹೋಗಿ. ನೀನು ಎಲ್ಲಿ ನಿಂತಿದ್ದಿ? ಮೈಗೆ ಏನು ತಾಕುತ್ತಿತ್ತು? ಹತ್ತಿರದಲ್ಲಿ ಏನು ವಾಸನೆ? ಯಾರಾದರೂ ಏನಂದರು? ಯಾವಾಗ ಏನೋ ಬದಲಾಯಿತು? ಉತ್ತರಗಳನ್ನು ಸಾಲಾಗಿ ಬರೆಯಿರಿ, ಹತ್ತು ಹನ್ನೆರಡು ಆಗುತ್ತವೆ. ಅದರಲ್ಲಿ ಅರ್ಧ ಅಳಿಸಬೇಕು. ಯಾವುದನ್ನು ಅಳಿಸೋದು ಅಂತ ತರಗತಿಯೇ ತೀರ್ಮಾನಿಸಲಿ. ಈ ಚರ್ಚೆಗೆ ಒಂದು ಅವಧಿ ಪೂರ್ತಿ ಹೋದರೂ ಪರವಾಗಿಲ್ಲ. ನಮ್ಮಲ್ಲಿ ಉಳಿದದ್ದು ಹೀಗಿತ್ತು:

‘ಗಂಗಾವತಿ ಬಸ್ಸಿನಲ್ಲಿ ನನಗೆ ಒಂದು ಕಾಲಿಡಲು ಮಾತ್ರ ಜಾಗ ಸಿಕ್ಕಿತ್ತು. ಇನ್ನೊಂದು ಕಾಲು ಯಾರದೋ ಅಕ್ಕಿ ಚೀಲದ ಮೇಲಿತ್ತು. ಮುಂದೆ ನಿಂತ ಅಮ್ಮನ ಮುಡಿಯ ಮಲ್ಲಿಗೆ ನನ್ನ ಮೂಗಿಗೆ ತಾಕುತ್ತಿತ್ತು. “ಒಳಗ ಸರೀರಿ, ಒಳಗ ಸರೀರಿ” ಅನ್ನುತ್ತಾ ಕಂಡಕ್ಟರು ಸೀಟಿ ಊದಿದ. ಎಲ್ಲರೂ ಒಟ್ಟಿಗೆ ಹಿಂದಕ್ಕೆ ವಾಲಿದೆವು.’

ಇದರಲ್ಲಿ ‘ತುಂಬಾ ಜನ’ ಎಲ್ಲೂ ಇಲ್ಲ ಅನ್ನೋದನ್ನು ಗಮನಿಸಲು ಹೇಳಿ.

ಕಾಗುಣಿತ, ಮಹಾಪ್ರಾಣ, ವಾಕ್ಯ ಸರಿಮಾಡೋದು ಈಗ. ಹೇಳುವ ಸಾಲುಗಳು ಗ್ರಂಥದ ಭಾಷೆಗೆ ಬರಲಿ. ಪಾತ್ರಗಳ ಮಾತು ನಮ್ಮ ಕಡೆಯದೇ ಉಳಿಯಲಿ. ಉತ್ತತ್ತಿ, ಹಂಚು, ಗಟಾರದಂಥ ಪದಗಳನ್ನು ಬದಲಿಸಬೇಡಿ, ಅವಕ್ಕೆ ಬೇರೆ ಪದ ಹುಡುಕಿದರೆ ವಸ್ತುವೇ ಬದಲಾಗುತ್ತದೆ.

ತಿದ್ದುವಾಗ ಮೊದಲು ಹಸಿರು ಪೆನ್ನಿನಿಂದ ಒಂದೇ ಒಂದು ಸಾಲಿಗೆ ಗೆರೆ ಎಳೆದು ‘ಇದು ನನಗೆ ಕಂಡಿತು’ ಅಂತ ಬರೆಯಿರಿ. ಎಷ್ಟೇ ಸೊರಗಿದ ಬರಹದಲ್ಲೂ ಅಂಥ ಸಾಲೊಂದು ಸಿಗುತ್ತದೆ, ಹುಡುಕಬೇಕು ಅಷ್ಟೇ. ಆಮೇಲೆ ಒಂದು ಪ್ರಶ್ನೆ ಬರೆಯಿರಿ: ‘ಅಜ್ಜಿ ಆಗ ಏನಂದಳು?’ ‘ಚೀಲ ಯಾರದು?’ ಮಗು ಮುಂದಿನ ಸಲ ಉತ್ತರ ಸೇರಿಸಿ ತರುತ್ತದೆ.

ಪರೀಕ್ಷೆಯ ಗತಿ ಏನು ಅಂತ ಪಾಲಕರು ಕೇಳುತ್ತಾರೆ, ಸರಿಯಾದ ಪ್ರಶ್ನೆಯೇ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಇರಲೇಬೇಕು ಅಂತಿದ್ದರೆ ಇರಲಿ. ವಿಷಯ ವಿವರಣೆಯಲ್ಲಿ ಒಂದು ಪ್ಯಾರಾ ಮಾತ್ರ ತಾನೇ ಕಂಡ ಒಂದು ಜಾಗ, ಒಂದು ಗಳಿಗೆಯದ್ದಾಗಿರಲಿ ಅಂತ ಹೇಳಿಕೊಡಿ. ನೂರು ಉತ್ತರ ಪತ್ರಿಕೆ ಓದಿ ದಣಿದ ಮೌಲ್ಯಮಾಪಕರ ಕಣ್ಣು ಅಲ್ಲಿ ನಿಲ್ಲುತ್ತದೆ. ಆ ಕುರ್ಚಿಯಲ್ಲಿ ಕೂತು ನಾನೂ ಓದಿದ್ದೇನೆ.

ಬರೆಯಲು ಬಾರದ ಮಗು ಇದ್ದರೆ

ಪ್ರತಿ ತರಗತಿಯಲ್ಲೂ ಇಂಥ ಮಕ್ಕಳು ಇರುತ್ತಾರೆ. ನಮ್ಮ ಕಡೆ ಮನೆಯವರ ಜೊತೆ ಗುಳೆ ಹೋಗಿ ತಿಂಗಳುಗಟ್ಟಲೆ ಶಾಲೆ ತಪ್ಪಿದವರೇ ಅವರಲ್ಲಿ ಜಾಸ್ತಿ. ಅವರನ್ನು ಆಟದಿಂದ ಹೊರಗಿಡಬೇಡಿ. ಅವರು ಹೇಳಲಿ, ಪಕ್ಕದವರು ಬರೆಯಲಿ. ಬರೆಯುವವರಿಗೆ ಒಂದು ಕಟ್ಟಪ್ಪಣೆ: ಹೇಳಿದ ಪದ ಬದಲಿಸಬಾರದು.

ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋದ ತಂದೆತಾಯಿ ಜೊತೆ ಆರು ತಿಂಗಳು ಇದ್ದು ಬಂದ ಹುಡುಗನೊಬ್ಬ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಹೆಸರು ಬರೆಯಲೂ ತಡವರಿಸುತ್ತಿದ್ದ. ‘ನಾನು ನಿಂತ ಅತಿ ಎತ್ತರದ ಜಾಗ’ ಅಂತ ಕೊಟ್ಟಾಗ ಅವನು ಹೇಳಿದ, ಗೆಳೆಯ ಬರೆದುಕೊಂಡ:

‘ಏಳನೇ ಮಾಳಿಗಿಗೆ ಇನ್ನಾ ಗ್ವಾಡಿ ಇರಲಿಲ್ಲ. ಗಾಳಿ ಬಂದ್ರ ಅಂಗಿ ಉಬ್ಬತಿತ್ತು. ಕೆಳಗ ಅವ್ವ ಉಸುಕು ಜರಡಿ ಹಿಡಿಯೋದು ಕಾಣತಿತ್ತು, ಸದ್ದು ಕೇಳತಿರಲಿಲ್ಲ. ನಾನು ಅವ್ವಾ ಅಂತ ಕೂಗಿದೆ. ಆಕಿ ಬ್ಯಾರೆ ಕಡೆ ನೋಡಿದ್ಲು.’

ಗೆಳೆಯ ಬರೆದ ಹಾಳೆಯನ್ನು ಅವನಿಗೇ ಕೊಟ್ಟೆ. ಮರುವಾರ ಅದನ್ನು ತಾನೇ ನೋಡಿ ನೋಡಿ ನಕಲು ಮಾಡಿಕೊಂಡು ಬಂದಿದ್ದ. ನಾಲ್ಕು ಸಾಲಿಗೆ ಒಂದು ಇಡೀ ಸಂಜೆ ಹಿಡಿಯಿತಂತೆ. ‘ಉಸುಕು’ ಅನ್ನೋದನ್ನು ಎರಡು ಸಲ ಅಳಿಸಿ ಬರೆದ ಗುರುತು ಹಾಳೆಯಲ್ಲಿತ್ತು.